ವಸಡಿನ ಅಂಚಿನ ನೀಲಿ ಗೆರೆ

ಎಲ್ಲರಿಗೂ ನಮಸ್ಕಾರ. ಹಲ್ಲುಜ್ಜುವುದು ಹೇಗೆ ಅಂತ ನಾನು ಇವತ್ತು ಹೇಳುವುದಿಲ್ಲ. ಅದನ್ನು ನೀವು ಬೇಕಾದಷ್ಟು ಕೇಳಿದ್ದೀರಿ, ಕೇಳಿ ಮರೆತಿದ್ದೀರಿ. ಇವತ್ತಿನ ಮಾತು ಸೀಸದ್ದು, ಮೈಗೆ ಸೇರಿದರೆ ವಿಷವಾಗುವ ಲೋಹದ್ದು. ಹಳೇ ಬ್ಯಾಟರಿ ಬಿಚ್ಚುವವರು, ಹಳೇ ಬಣ್ಣ ಕೆರೆಯುವವರು, ಅವರ ಮನೆಯವರು ಸ್ವಲ್ಪ ರೇಡಿಯೋ ಹತ್ತಿರ ಬನ್ನಿ.

ಹೋದ ವರ್ಷ ಬಳ್ಳಾರಿಯ ನನ್ನ ಕ್ಲಿನಿಕ್ಕಿಗೆ ಒಬ್ಬ ಹುಡುಗ ಬಂದ. ಬ್ಯಾಟರಿ ರಿಪೇರಿ ಕೆಲಸದವನು. "ಸರ, ಹಲ್ಲಿನ ಬುಡಕ್ಕ ಕರೆ ಹತ್ತೈತ್ರಿ, ಎಷ್ಟ್ ತಿಕ್ಕಿದ್ರೂ ಹೋಗವಲ್ದು. ಮುಂದಿನ ತಿಂಗಳ ಹೆಣ್ಣು ನೋಡಾಕ ಹೋಗಬೇಕ್ರಿ" ಅಂದ. ನಾನೂ ಪಾಚಿ ಅಂತಲೇ ತಿಳಿದು ಕ್ಲೀನ್ ಮಾಡಿದೆ. ಪಾಚಿ ಹೋಯಿತು, ಗೆರೆ ಹೋಗಲಿಲ್ಲ. ಆಗ ಔಷಧಿ ಚೀಟಿಯ ಮೂಲೆ ಕತ್ತರಿಸಿ, ಆ ಬಿಳಿ ತುಣುಕನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ತೂರಿಸಿದೆ. ಕಪ್ಪು ಹಲ್ಲಿನದಾಗಿದ್ದರೆ ಹಾಳೆಯ ಹಿಂದೆ ಮರೆಯಾಗಬೇಕಿತ್ತು. ಆಗಲಿಲ್ಲ. ವಸಡಿನ ಅಂಚಿನಲ್ಲೇ, ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ, ನೀಲಿಗಪ್ಪು ಗೆರೆ! ರಕ್ತಕ್ಕೆ ಸೇರಿದ ಸೀಸ, ಬಾಯಿಯ ಬ್ಯಾಕ್ಟೀರಿಯಾ ಬಿಡುವ ಗಂಧಕದ ಜೊತೆ ಕೂಡಿದರೆ ಹೀಗಾಗುತ್ತದೆ. ಹೆನ್ರಿ ಬರ್ಟನ್ ಎಂಬ ಇಂಗ್ಲಿಷ್ ಡಾಕ್ಟರು 1840ರಲ್ಲೇ ಇದನ್ನು ಬರೆದಿಟ್ಟರು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ.

ಬೆಳಿಗ್ಗೆ ಏನಪ್ಪಾ ತಿಂತೀಯ ಅಂತ ಕೇಳಿದೆ. "ಚಾ ಅಷ್ಟ ರೀ." ಹನ್ನೊಂದಕ್ಕೆ ಅದೇ ಸೀಸದ ಕೈಯಲ್ಲಿ ಮಿರ್ಚಿ, ಮಂಡಕ್ಕಿ. ಆಮೇಲೆ ಜೇಬಿನಿಂದ ಒಂದು ಡಬ್ಬಿ ತೆಗೆದ. ಮೈಯೊಳಗಿನ ವಿಷವನ್ನೆಲ್ಲ ತೆಗೆಯುವ ಗುಳಿಗೆಯಂತೆ. ಮೊಬೈಲಲ್ಲಿ ನೋಡಿ ತರಿಸಿದ್ದು, 1,200 ರೂಪಾಯಿ. ನನಗೆ ಸಿಟ್ಟೇ ಬಂತು, ಕ್ಷಮಿಸಿ. ಅಷ್ಟು ದುಡ್ಡಿಗೆ ಎಷ್ಟು ದಿನದ ರೊಟ್ಟಿ ಆಗುತ್ತಿತ್ತು, ಹೇಳಿ!

ಯಾಕೆ ರೊಟ್ಟಿ ಅಂತೀನಿ? ಕರುಳಿನಲ್ಲಿ ಕಬ್ಬಿಣದಂಶಕ್ಕೆ ಒಂದು ಬಾಗಿಲಿದೆ. ಸೀಸ ನುಸುಳುವುದೂ ಅದೇ ಬಾಗಿಲಲ್ಲಿ. ಮೈಯಲ್ಲಿ ಕಬ್ಬಿಣ ಕಮ್ಮಿಯಾದರೆ ಬಾಗಿಲು ಇನ್ನೂ ಅಗಲವಾಗುತ್ತದೆ. ಕ್ಯಾಲ್ಸಿಯಂ ಕಮ್ಮಿಯಾದರೂ ಸೀಸಕ್ಕೆ ದಾರಿ ಸಲೀಸು. ಖಾಲಿ ಹೊಟ್ಟೆಯಾದರಂತೂ ಕೇಳಲೇಬೇಡಿ. ಅದಕ್ಕೇ ಹೇಳುವುದು, ಹೊಟ್ಟೆಗೆ ಹಾಕಿಕೊಂಡು ಕೆಲಸಕ್ಕೆ ಹೋಗಿ. ಸಜ್ಜೆ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಅದರ ಮೇಲೆ ನಿಂಬೆಹಣ್ಣು ಹಿಂಡಿ. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಮೊಸರು, ಎಳ್ಳು, ರಾಗಿ ಇರಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಚಾ ಊಟವಾಗಿ ಒಂದು ತಾಸು ಬಿಟ್ಟು ಕುಡಿಯಿರಿ, ಇಲ್ಲದಿದ್ದರೆ ಅದು ಕಬ್ಬಿಣ ಹಿಡಿಯಲು ಬಿಡುವುದಿಲ್ಲ.

ಆ ಹುಡುಗನ ರಕ್ತ ಪರೀಕ್ಷೆ ಮಾಡಿಸಿದಾಗ ಸೀಸ ಜಾಸ್ತಿ, ಹಿಮೋಗ್ಲೋಬಿನ್ ಕಮ್ಮಿ. ಫಿಜಿಶಿಯನ್ ಹತ್ತಿರ ಕಳಿಸಿದೆ. ಕಬ್ಬಿಣದ ಗುಳಿಗೆ ಕೊಟ್ಟರು, ಕೆಲಸ ಬದಲಿಸಿದರು. ಗುಳಿಗೆ ಬೇಕಾದರೆ ಹೀಗೆ, ರಕ್ತ ನೋಡಿ. ಗೆರೆ ಮಾಸಲು ತಿಂಗಳುಗಳೇ ಹಿಡಿದವು. ಹೆಣ್ಣು ನೋಡಲು ಗೆರೆ ಇಟ್ಟುಕೊಂಡೇ ಹೋಗಿ ಬಂದ, ಅದು ಬೇರೆ ಕಥೆ.

ಒಳಗಿನಿಂದ ಟೈಮ್ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ರಾಯಚೂರು ಕಡೆಯವರೇ, ಹಟ್ಟಿ ಚಿನ್ನದ ಗಣಿ ಸುತ್ತಿನ ಕೆಲವು ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಪರೀಕ್ಷೆ ಮಾಡಿಸಿ. ತಂಬಾಕಿನಲ್ಲಿ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷದ ಲೋಹ ಇದೆ, ಗುಟ್ಕಾ ಉಗುಳಿಬಿಡಿ. ಇನ್ನು ಮಕ್ಕಳು. ಬಾಯಿಗೆ ಹೋದ ಸೀಸವನ್ನು ಅವರ ಮೈ ದೊಡ್ಡವರಿಗಿಂತ 4-5 ಪಟ್ಟು ಜಾಸ್ತಿ ಹೀರುತ್ತದೆ. ಸಂಜೆ ಮನೆಗೆ ಬಂದವರು ಕೆಲಸದ ಅಂಗಿ ಹೊರಗೇ ಬಿಚ್ಚಿ, ಕೈಗೆ ಸೋಪು ಹಚ್ಚಿ ತೊಳೆದು, ಆಮೇಲೆ ಕೂಸನ್ನು ಎತ್ತಿಕೊಳ್ಳಿ. ನಾಳೆ ಬೆಳಿಗ್ಗೆ ರೊಟ್ಟಿ ತಿಂದು ಹೋಗುತ್ತೀರಿ, ಅಲ್ವಾ? ನಮಸ್ಕಾರ.