ಪುಸ್ತಕ ಮುಚ್ಚಿ ಕೇಳೋಣ

(ವಿಜಯಪುರದಲ್ಲಿ ಪ್ರೌಢಶಾಲಾ ಶಿಕ್ಷಕರು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂತು, ಎಲ್ಲ ಶಾಲೆಯಲ್ಲೂ ಉಜಳಣಿ ನಡೆದಿದೆ. ಇವತ್ತು ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ ಪಕ್ಕದಲ್ಲಿ ಕೂತಿದ್ದಳು. ತೊಡೆಯ ಮೇಲೆ ವಿಜ್ಞಾನದ ಪುಸ್ತಕ. ಪುಟದ ತುಂಬ ಹಳದಿ ಗೆರೆ, ಗೆರೆ ಇಲ್ಲದ ಸಾಲು ಹುಡುಕಬೇಕು! "ಎಷ್ಟನೇ ಸಲ ಓದಾಕತ್ತೀ ತಂಗಿ?" ಅಂದೆ. "ಐದನೇ ಸಲ ರೀ." ಪುಸ್ತಕ ಮುಚ್ಚಿಸಿ ಆ ಪಾಠದ್ದೇ ಒಂದು ಪ್ರಶ್ನೆ ಕೇಳಿದೆ. ಮುಚ್ಚಿದ ಪುಸ್ತಕದೊಳಗೆ ಬೆರಳು ತೂರಿಸಿ ಪುಟ ಹುಡುಕತೊಡಗಿದಳು. "ಓದೀನ್ರಿ, ಈಗ ನೆನಪಾಗವಲ್ದು."

ಆ ಮಗು ಸೋಮಾರಿ ಅಲ್ಲ. "ಓದು, ಮತ್ತೊಮ್ಮೆ ಓದು" ಅಂದವರು ನಾವೇ ಅಲ್ವಾ?

2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನೇ ಪರೀಕ್ಷಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನು ಕೆಲವರು ಒಂದೇ ಸರದಿ ಓದಿ, ಉಳಿದ ಮೂರು ಸರದಿ ಪಾಠ ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ: ಶೇ. 83, ಬರೆದವರು ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ಇನ್ನೊಂದು ಮಾತು ಕೇಳಿ. ತಮಗೆ ಜಾಸ್ತಿ ನೆನಪಿರುತ್ತದೆ ಅಂತ ನಂಬಿದ್ದವರು ನಾಲ್ಕು ಸಲ ಓದಿದವರೇ! ಪುಟ ಪರಿಚಯದ ಮುಖದ ಹಾಗೆ ಕಾಣುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಪುಸ್ತಕ ಮುಚ್ಚಿ ಕೇಳಿ.

ನಮ್ಮ ಅವ್ವ ಸಾಲಿ ಕಟ್ಟೆ ಹತ್ತಿದವಳಲ್ಲ. ಸಂಜೆ ರೊಟ್ಟಿ ಬಡಿಯುವಾಗ ನನ್ನನ್ನು ಒಲೆ ಮುಂದೆ ಕೂರಿಸಿಕೊಂಡು "ಇವತ್ತ ಏನ್ ಹೇಳಿಕೊಟ್ರೋ?" ಅನ್ನುವಳು. ಒಂದು ದಿನ ತಾಳಿಕೋಟೆ ಯುದ್ಧ, 1565 ಅಂದೆ. ಅವಳ ಕೈ ಹಿಟ್ಟಿನ ಮೇಲೇ ನಿಂತಿತು. "ನಮ್ಮ ತಾಳಿಕೋಟ್ಯಾಗ? ಯಾರ ಯಾರ ನಡುವ?" ಅಳಿಯ ರಾಮರಾಯ ಒಂದು ಕಡೆ, ಸುಲ್ತಾನರು ಒಂದು ಕಡೆ. "ಎಷ್ಟ ಮಂದಿ ಸುಲ್ತಾನರು?" ನಾಲ್ವರು. "ಯಾವ ಯಾವ ಊರವರು?" ಬಿಜಾಪುರ, ಅಹ್ಮದನಗರ, ಗೋಲ್ಕೊಂಡ... ನಾಲ್ಕನೆಯದು ಬರಲಿಲ್ಲ. ಅವ್ವ ಒದ್ದೆ ಬಟ್ಟೆಯಿಂದ ರೊಟ್ಟಿಗೆ ನೀರು ಹಚ್ಚುತ್ತಾ, "ಹೋಗಿ ನೋಡಿ ಬಾ. ಬಿಸಿ ರೊಟ್ಟಿ ಇಟ್ಟಿರ್ತೀನಿ" ಅಂದಳು. ಓಡಿ ಹೋಗಿ ನೋಡಿ ಬಂದೆ. ಬೀದರ್! ಮಾರನೇ ದಿನ ಮತ್ತೆ ಅದೇ: "ನಿನ್ನಿ ನಾಕನೇದು ಯಾವ ಊರಂದಿ?" ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು, ಅದಕ್ಕೇ ಕೇಳುತ್ತಿದ್ದಳು. ಐವತ್ತು ವರ್ಷವಾಯಿತು, ಬೀದರ್ ನನಗೆ ಮರೆತಿಲ್ಲ.

ನಾಲ್ಕು ದಿನ ಬಿಟ್ಟು ಕೇಳಿದ್ದು ಸುಮ್ನೆ ಅಲ್ಲ ನೋಡಿ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು, 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ಗಂಟೆಯಲ್ಲೇ ಬಹಳಷ್ಟು ಸೋರಿ ಹೋಗುತ್ತದೆ, ಆಮೇಲೆ ನಿಧಾನ. ಪರೀಕ್ಷೆಯ ಹಿಂದಿನ ರಾತ್ರಿ ಆರು ಗಂಟೆ ಕೂರಿಸುವ ಬದಲು ಅದೇ ಆರು ಗಂಟೆಯನ್ನು ವಾರಗಳಿಗೆ ಹಂಚಿ. 2013ರಲ್ಲಿ ಮನೋವಿಜ್ಞಾನಿ ಡನ್ಲಾಸ್ಕಿ ಮತ್ತು ಜೊತೆಗಾರರು ಕಲಿಕೆಯ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಮೇಲೆ ಬಂದದ್ದು ಎರಡೇ: ತನ್ನನ್ನು ತಾನು ಕೇಳಿಕೊಳ್ಳುವುದು, ಬಿಡುವು ಕೊಟ್ಟು ಕಲಿಯುವುದು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗೆ ಉಳಿದವು.

ಚೀಟಿ ಬಂತು, ಐದೇ ನಿಮಿಷವಂತೆ. ಗಣಿತದಲ್ಲಿ ಲೆಕ್ಕಗಳನ್ನು ಬೆರೆಸಿ ಕೊಡುವುದರ ಬಗ್ಗೆ ಹೇಳಬೇಕಿತ್ತು. ಒಂದೇ ನಮೂನೆಯ ಹತ್ತು ಲೆಕ್ಕ ಕೊಟ್ಟರೆ ಮಗು ಸೂತ್ರ ಆರಿಸುವುದನ್ನೇ ಕಲಿಯುವುದಿಲ್ಲ. ಅಷ್ಟು ಸಾಕು.

ಗುರುಗಳೇ, ಸೋಮವಾರ ಮೊದಲ ತಾಸಿನಲ್ಲಿ ಐದು ನಿಮಿಷ ಕೊಡಿ. ಪುಸ್ತಕ ಮುಚ್ಚಿಸಿ, ಹಿಂದಿನ ವಾರದ ಮೂರು ಪ್ರಶ್ನೆ ಕೇಳಿ. ಅಂಕ ಹಾಕಬೇಡಿ, ಎದ್ದು ನಿಲ್ಲಿಸಬೇಡಿ. ತಪ್ಪಿದರೆ ಪುಸ್ತಕ ತೆಗೆದು ತಾವೇ ನೋಡಿಕೊಳ್ಳಲಿ. ತಾಯಂದಿರೇ, ಓದಲು ಬರುವುದಿಲ್ಲ ಅಂತ ಹಿಂಜರಿಯಬೇಡಿ. "ಇವತ್ತ ಏನ್ ಹೇಳಿಕೊಟ್ರು?" ಅನ್ನುವುದಕ್ಕೆ ಅಕ್ಷರ ಬೇಕಿಲ್ಲ.

ಹಿಂದಿನ ಸಾಲಿನಲ್ಲಿ ಅಕ್ಕೋರು ಆಗಿನಿಂದ ಕೈ ಎತ್ತಿದ್ದಾರೆ. ಮೈಕ್ ಕೊಡ್ರಿ ಅವರಿಗೆ.