ನೊಬೆಲ್ ಎರಡು ಸಲ ಬಂದ ಬಣ್ಣದ ಕಂಪನಿ

ಕೇಳುಗರಿಗೆಲ್ಲ ನಮಸ್ಕಾರ. ಆಕ್ಜೊನೊಬೆಲ್ ಅಂತ ಒಂದು ಕಂಪನಿ ಇದೆ. ಹೆಸರು ಕೇಳಿರದಿದ್ರೂ ಡ್ಯುಲಕ್ಸ್ ಡಬ್ಬಿ ನೋಡಿರ್ತೀರಿ, ಜಾಹೀರಾತಲ್ಲಿ ಕಣ್ಣೇ ಕಾಣದಷ್ಟು ಕೂದಲು ಬಿಟ್ಕೊಂಡಿರೋ ಆ ದೊಡ್ಡ ನಾಯಿನೂ ನೋಡಿರ್ತೀರಿ. ಹೆಡ್ಡಾಫೀಸು ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಇವತ್ತು ಅದರ ಕಸುಬು ಪೇಂಟ್ ಮತ್ತೆ ಕೋಟಿಂಗ್ ಅಷ್ಟೇ, ಆದ್ರೆ ವಂಶವೃಕ್ಷ ಬಿಡಿಸ್ತಾ ಹೋದ್ರೆ ಉಪ್ಪು ಸಿಗುತ್ತೆ, ರೇಷ್ಮೆ ಸಿಗುತ್ತೆ, ಕಸಾಯಿಖಾನೆ ಸಿಗುತ್ತೆ, ಡೈನಮೈಟ್ ಸಿಗುತ್ತೆ, ಬಣ್ಣ ಮಾತ್ರ ಎಲ್ಲೋ ಮೂಲೇಲಿ ಕೂತಿರುತ್ತೆ.

ಮೊದಲು 'ಆಕ್ಜೊ' ಅನ್ನೋ ಅರ್ಧ ನೋಡೋಣ. ಡಚ್ಚರ ಆರ್ನೆಮ್ ಊರಲ್ಲಿ ಎಂಕಾ ಅಂತ ಕೃತಕ ರೇಷ್ಮೆ ಫ್ಯಾಕ್ಟರಿ ಇತ್ತು, 1929ರಲ್ಲಿ ಅದು ಜರ್ಮನಿಯ ಗ್ಲಾನ್ಸ್‌ಸ್ಟಾಫ್ ಜೊತೆ ಸೇರ್ಕೊಂಡು ಎಕೆಯು ಆಯ್ತು. ಕೃತಕ ರೇಷ್ಮೆ ಅಂದ್ರೆ ರೇಯಾನ್. ಮರದ ತಿರುಳನ್ನ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಇನ್ನೊಂದೆರಡು ರಾಸಾಯನಿಕ ಹಾಕಿ ಜೇನಿನ ಥರ ಅಂಟು ದ್ರಾವಣ ಮಾಡ್ಕೊಂಡು, ಸಣ್ಣ ಸಣ್ಣ ತೂತಿನಿಂದ ಆಸಿಡ್ ಒಳಗೆ ಒತ್ತಿದ್ರೆ ದಾರ ಬರುತ್ತೆ. ಆ ಕಾಸ್ಟಿಕ್ ಸೋಡಾ ಎಲ್ಲಿಂದ ಬರ್ಬೇಕು? ಉಪ್ಪುನೀರಿಗೆ ಕರೆಂಟ್ ಹಾಯಿಸಿದ್ರೆ ಬರುತ್ತೆ. ಹಾಗಾಗಿ 1969ರಲ್ಲಿ ಈ ರೇಷ್ಮೆಯವರೂ ಡಚ್ ಉಪ್ಪಿನ ಕಂಪನಿಯ ವಾರಸುದಾರರೂ ಒಂದಾಗಿ ಆಕ್ಜೊ ಅಂತ ಹೆಸರಿಟ್ಕೊಂಡಾಗ, ಹೊರಗಿನವರಿಗೆ ಎತ್ತಣ ಮಾಮರ ಎತ್ತಣ ಕೋಗಿಲೆ ಅನ್ನಿಸಿರಬಹುದು, ಕೆಮಿಸ್ಟ್ರಿ ಓದಿದವರಿಗೆ ಅಲ್ಲ.

ಉಪ್ಪಿನವರ ಜೊತೆಗೇ ಆರ್ಗನಾನ್ ಕೂಡ ಬಂತು. ಅದರ ಕಥೆ ನಂಗೆ ತುಂಬಾ ಇಷ್ಟ. ಓಸ್ ಅನ್ನೋ ಊರಲ್ಲಿ ಜ್ವಾನೆನ್‌ಬರ್ಗ್ ಅನ್ನೋರ ಮಾಂಸದ ಕಾರ್ಖಾನೆ ಇತ್ತು. ಪ್ರಾಣಿಗಳ ಮೇದೋಜೀರಕ ಗ್ರಂಥಿ ಅಲ್ಲಿ ರಾಶಿ ರಾಶಿ ಸಿಗ್ತಿತ್ತು, ಅದರಿಂದ ಇನ್ಸುಲಿನ್ ತೆಗೀಬಹುದು ಅಂತ ಆಗಷ್ಟೇ ಗೊತ್ತಾಗಿತ್ತು, ಸರಿ, 1923ರಲ್ಲಿ ಔಷಧಿ ಕಂಪನಿನೇ ಶುರು ಮಾಡ್ಬಿಟ್ರು!

ಇನ್ನು 'ನೊಬೆಲ್' ಅರ್ಧ. ಹೌದು, ಪ್ರಶಸ್ತಿಯ ಆಲ್ಫ್ರೆಡ್ ನೊಬೆಲ್ಲೇ. ಕೊನೆಗಾಲದಲ್ಲಿ ಆತ ಸ್ವೀಡನ್ನಿನ ಬೋಫೋರ್ಸ್ ಕೊಂಡಿದ್ದ. ಬೋಫೋರ್ಸ್ ಅಂದ ತಕ್ಷಣ ನಮಗೆ 1986ರ ಫಿರಂಗಿ ಒಪ್ಪಂದ ನೆನಪಾಗುತ್ತೆ, ಅದೇ ಬೋಫೋರ್ಸ್. ಅದೂ ಕೆಮಾನೊಬೆಲ್ ಅನ್ನೋ ರಾಸಾಯನಿಕ ಕಂಪನಿಯೂ ಕೂಡಿ ನೊಬೆಲ್ ಇಂಡಸ್ಟ್ರೀಸ್ ಆಗಿ, 1994ರಲ್ಲಿ ಆಕ್ಜೊ ಜೊತೆ ಸೇರ್ತು. ಫಿರಂಗಿ ವ್ಯವಹಾರ ಅಷ್ಟೊತ್ತಿಗೆ ಬೇರೆಯವರ ಕೈಗೆ ಹೋಗಿತ್ತು.

ಇಲ್ಲಿಗೆ ಮುಗೀಲಿಲ್ಲ ನೋಡಿ. 2008ರ ಜನವರಿಯಲ್ಲಿ ಇವರು ಬ್ರಿಟನ್ನಿನ ಐಸಿಐ ಅನ್ನೋ ರಾಸಾಯನಿಕ ಕಂಪನಿನ ಸುಮಾರು 8 ಬಿಲಿಯನ್ ಪೌಂಡ್ ಕೊಟ್ಟು ಕೊಂಡ್ರು, ಡ್ಯುಲಕ್ಸ್ ಬಂದಿದ್ದು ಆಗ. ಆ ಐಸಿಐ 1926ರಲ್ಲಿ ನಾಲ್ಕು ಕಂಪನಿ ಕೂಡಿ ಆಗಿದ್ದು, ನಾಲ್ಕರಲ್ಲಿ ಒಂದು ಸ್ಕಾಟ್ಲೆಂಡ್‌ನ ಆರ್ಡೀರ್‌ನಲ್ಲಿ ಆಲ್ಫ್ರೆಡ್ ನೊಬೆಲ್ ಶುರು ಮಾಡಿದ್ದ ಡೈನಮೈಟ್ ಫ್ಯಾಕ್ಟರಿಯಿಂದ ಬೆಳೆದದ್ದು. ಅಂದ್ರೆ ನೊಬೆಲ್ ಒಂದೇ ಮನೆಗೆ ಎರಡು ಬಾಗಿಲಿಂದ ಬಂದ!

ಸಿಡಿಮದ್ದಿಗೂ ಪೇಂಟಿಗೂ ಏನು ನಂಟು ಅಂತೀರಾ? ಹತ್ತಿನ ನೈಟ್ರಿಕ್ ಆಸಿಡ್ ಮತ್ತೆ ಸಲ್ಫ್ಯೂರಿಕ್ ಆಸಿಡ್ ಬೆರೆಸಿ ಅದರಲ್ಲಿ ಅದ್ದಿದ್ರೆ ನೈಟ್ರೊಸೆಲ್ಯುಲೋಸ್ ಆಗುತ್ತೆ. ನೈಟ್ರೊ ಅಂಶ ಜಾಸ್ತಿ ಇದ್ರೆ ಗನ್ ಕಾಟನ್, ಕಿಡಿ ತಾಗಿದ್ರೆ ಕೆಲಸ ಮುಗೀತು. ಸ್ವಲ್ಪ ಕಮ್ಮಿ ಇದ್ರೆ ಥಿನ್ನರ್‌ನಲ್ಲಿ ಕರಗಿ ಲ್ಯಾಕರ್, ಅಂದ್ರೆ ಬೇಗ ಒಣಗೋ ಹೊಳಪಿನ ಬಣ್ಣ ಆಗುತ್ತೆ. ಎಣ್ಣೆ ಪೇಂಟ್ ಹೊಡೆದ ಕಾರು ಒಣಗೋಕೆ ವಾರಗಟ್ಟಲೆ ಕಾಯ್ತಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ಈ ಲ್ಯಾಕರ್ ಗಂಟೆಗಳ ಲೆಕ್ಕದಲ್ಲಿ ಒಣಗಿಬಿಡ್ತು. ಮಹಾಯುದ್ಧ ಮುಗಿದು ಮದ್ದಿನ ಕಾರ್ಖಾನೆಗಳಿಗೆ ಕೆಲಸ ಇಲ್ದಿದ್ದಾಗ ಅವರು ಬಣ್ಣದ ಕಡೆ ತಿರುಗಿದ್ದು ಸಹಜ.

ಸೇರಿಸಿದ್ದು ಎಷ್ಟೋ, ಕಳಚಿದ್ದೂ ಅಷ್ಟೇ. ಕೃತಕ ನೂಲು 1999ರಲ್ಲಿ ಹೋಯ್ತು. ಆರ್ಗನಾನ್ 2007ರಲ್ಲಿ ಶೆರಿಂಗ್ ಪ್ಲೌ ಅನ್ನೋ ಔಷಧಿ ಕಂಪನಿ ಪಾಲಾಯ್ತು, ಆ ದುಡ್ಡು ಐಸಿಐ ಕೊಳ್ಳೋಕೆ ನೆರವಾಯ್ತು. 2017ರಲ್ಲಂತೂ ಅಮೆರಿಕದ ಪಿಪಿಜಿ ಅನ್ನೋ ಪೇಂಟ್ ಕಂಪನಿ ಈ ಆಕ್ಜೊನೊಬೆಲ್ಲನ್ನೇ ಕೊಂಡ್ಕೊಳ್ತೀನಿ ಅಂತ ಮೂರು ಸಲ ಬಂತು, ಮೂರೂ ಸಲ ಬೇಡ ಅಂದ್ರು. ಇವರ ಷೇರು ಇಟ್ಕೊಂಡಿದ್ದ ಎಲಿಯಟ್ ಅನ್ನೋ ಹೂಡಿಕೆ ಸಂಸ್ಥೆ ಸಿಟ್ಟಾಗಿ, ಚೇರ್ಮನ್ನರನ್ನ ಇಳಿಸೋಕೆ ಷೇರುದಾರರ ಸಭೆ ಕರೀಬೇಕು ಅಂತ ಡಚ್ ಕೋರ್ಟ್ ಮೆಟ್ಟಿಲೇರ್ತು, ಕೋರ್ಟ್ ಒಪ್ಪಲಿಲ್ಲ.

ಇಲ್ಲಿ ಕಂಪನಿಯ ರಚನೆ ಹೇಳ್ಬೇಕು. ದಿನದ ಆಡಳಿತಕ್ಕೆ ಒಂದು ಮಂಡಳಿ, ಅದರ ಮೇಲೆ ಕಣ್ಣಿಡೋಕೆ ಇನ್ನೊಂದು ಮಂಡಳಿ, ಡಚ್ಚರ ಪದ್ಧತಿ ಅದು. ಇವೆರಡರ ಜೊತೆಗೆ ಒಂದು ಫೌಂಡೇಶನ್ನು, ಅದರ ಕೈಲಿ ಪ್ರಯಾರಿಟಿ ಷೇರುಗಳು, ಮಂಡಳಿಗೆ ಯಾರು ಬರ್ಬೇಕು ಅಂತ ಹೆಸರು ಸೂಚಿಸೋ ಹಕ್ಕು ಅವಕ್ಕಿದೆ. ಹೊರಗಿನವರು ಷೇರು ರಾಶಿ ಹಾಕ್ಕೊಂಡು ನುಗ್ಗಿದ ಮಾತ್ರಕ್ಕೆ ಬೀಗದ ಕೈ ಸಿಗಲ್ಲ. ಷೇರುದಾರರಿಗೆ ಇದು ನ್ಯಾಯನಾ ಅಂದ್ರೆ, ನನ್ನ ಪ್ರಕಾರ ಅಷ್ಟೇನೂ ಅಲ್ಲ.

ಅವರನ್ನ ಸಮಾಧಾನ ಮಾಡೋಕೆ ಅಂತ್ಲೇ 2018ರಲ್ಲಿ ರಾಸಾಯನಿಕ ವಿಭಾಗನೇ ಕಾರ್ಲೈಲ್ ಮತ್ತೆ ಸಿಂಗಾಪುರದ ಜಿಐಸಿ ಅನ್ನೋ ಹೂಡಿಕೆ ಸಂಸ್ಥೆಗಳಿಗೆ 10.1 ಬಿಲಿಯನ್ ಯೂರೋಗೆ ಮಾರಿದ್ರು. ಅದೀಗ ನೂರಿಯಾನ್. ಉಳಿದಿದ್ದು ಎರಡೇ: ಮನೆ ಗೋಡೆಯ ಡೆಕೊರೇಟಿವ್ ಪೇಂಟ್, ಮತ್ತೆ ಹಡಗು, ಕಾರು, ಲೋಹದ ಸಾಮಾನಿಗೆಲ್ಲ ಬಳಿಯೋ ಪರ್ಫಾರ್ಮೆನ್ಸ್ ಕೋಟಿಂಗ್.

ನಮ್ಮ ದೇಶದ ಆಕ್ಜೊ ನೊಬೆಲ್ ಇಂಡಿಯಾ, ಅಂದ್ರೆ ಹಳೇ ಐಸಿಐ ಇಂಡಿಯಾ, ಅದರ ಮುಕ್ಕಾಲು ಪಾಲಿನಷ್ಟು ಷೇರನ್ನೂ ಜೆಎಸ್‌ಡಬ್ಲ್ಯೂ ಪೇಂಟ್ಸ್‌ಗೆ ಮಾರೋ ಒಪ್ಪಂದ 2025ರ ಜೂನ್‌ನಲ್ಲಿ ಆಯ್ತು. ಪೌಡರ್ ಕೋಟಿಂಗ್, ಅಂದ್ರೆ ಪುಡಿ ರೂಪದ ಬಣ್ಣದ ವ್ಯವಹಾರ, ಮತ್ತೆ ಸಂಶೋಧನಾ ಕೇಂದ್ರ ಮಾತ್ರ ಕೊಡಲ್ಲ, ನಮ್ಮಲ್ಲೇ ಇಟ್ಕೋತೀವಿ ಅಂದ್ರು ಡಚ್ಚರು. ನಮಸ್ಕಾರ.