ಆಫ್ರಿಕಾದ ರೆಗ್ಗೆ ಯಾರ ನಕಲೂ ಅಲ್ಲ

ಎಲ್ಲರಿಗೂ ನಮಸ್ಕಾರ.

ರೆಗ್ಗೆ ಸಂಗೀತ ಅಂದ ಕೂಡಲೇ ನಮಗೆ ನೆನಪಾಗುವುದು ಜಮೈಕಾ, ಅಲ್ಲಿನ ಹಾಡುಗಾರ ಬಾಬ್ ಮಾರ್ಲಿ, ಟೀ ಶರ್ಟಿನ ಮೇಲಿನ ಆ ಜಡೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆಫ್ರಿಕಾದ ರೆಗ್ಗೆ ವಿಷಯ ಬಂದಾಗೆಲ್ಲ ಎರಡು ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒಂದು, ಅದು ಮಾರ್ಲಿಯ ನಕಲು ಅನ್ನುವುದು. ಇನ್ನೊಂದು, ಸಂಗೀತ ತವರಿಗೆ ಮರಳಿತು ಅನ್ನುವುದು. ಎರಡನೆಯದು ಕೇಳಲು ಚೆಂದ. ಆದರೆ ಅಲ್ಲಿನ ಹಾಡುಗಾರರು ಪಟ್ಟ ಪಾಡನ್ನೆಲ್ಲ ಅದು ಮುಚ್ಚಿಹಾಕುತ್ತದೆ.

ಬೇರು ಆಫ್ರಿಕಾದ್ದೇ, ನಿಜ. ಗುಲಾಮರನ್ನಾಗಿ ಮಾಡಿ ಹಡಗಿಗೆ ತುಂಬಿದ ಜನ ತಾಳವನ್ನೂ ಜೊತೆಗೆ ಜಮೈಕಾಕ್ಕೆ ಒಯ್ದರು. ಆಫ್ರಿಕಾವನ್ನೇ ತವರೆಂದು ನಂಬುವ ಜಮೈಕಾದ ಧಾರ್ಮಿಕ ಪಂಥ ರಸ್ತಾಫರಿಗಳದು; ಅವರ ನ್ಯಾಬಿಂಗಿ ಎಂಬ ಪ್ರಾರ್ಥನಾ ಕೂಟಗಳಲ್ಲಿ ಮೂರು ಡೋಲುಗಳಿರುತ್ತವೆ: ಬಾಸ್, ಫುಂಡೆ, ರಿಪೀಟರ್. ಫುಂಡೆ ಎದೆಬಡಿತದ ಹಾಗೆ ಒಂದೇ ಸಮ ನುಡಿಯುತ್ತದೆ. ರಿಪೀಟರ್ ಅದರ ಮೇಲೆ ಮನಬಂದಂತೆ ಓಡಾಡುತ್ತದೆ. 1960ರ ದಶಕದ ಕೊನೆಗೆ ರೆಗ್ಗೆ ರೂಪುಗೊಂಡಾಗ ಈ ತಾಳ ಅದರೊಳಗೆ ಇತ್ತು.

1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರವಾದಾಗ ಮಾರ್ಲಿ ರುಫಾರೊ ಕ್ರೀಡಾಂಗಣದಲ್ಲಿ ಹಾಡಿದರು. ಹೊರಗಿದ್ದ ಜನ ಒಳನುಗ್ಗಿದರು, ಪೊಲೀಸರು ಅಶ್ರುವಾಯು ಹಾರಿಸಿದರು. ಮರುದಿನ ಮಾರ್ಲಿ ಮತ್ತೆ ಹಾಡಿದರು. ಎಲ್ಲರೂ ಹೇಳುವ ಕತೆ ಇದು. ನಾನು ಹೇಳಬೇಕಿರುವುದು ಲಕ್ಕಿ ದುಬೆ ಕತೆ.

ದುಬೆ 1964ರಲ್ಲಿ ದಕ್ಷಿಣ ಆಫ್ರಿಕಾದ ಎರ್ಮೆಲೊದಲ್ಲಿ ಹುಟ್ಟಿದವರು. ಮೊದಲು ಹಾಡುತ್ತಿದ್ದದ್ದು ಜುಲು ಭಾಷೆಯ ಎಂಬಕಾಂಗ, ಕರಿಯರ ಬಡಾವಣೆಗಳ ಕುಣಿತದ ಸಂಗೀತ. ಅದು ಚೆನ್ನಾಗಿ ಮಾರಾಟವಾಗುತ್ತಿತ್ತು. ಸುಮ್ನೆ ಅದನ್ನೇ ಹಾಡಿಕೊಂಡಿದ್ದರೆ ಆರಾಮಾಗಿ ಇರಬಹುದಿತ್ತು, ಅಲ್ವಾ? ಆದರೆ ಕಾರ್ಯಕ್ರಮಗಳ ನಡುವೆ ಒಂದೆರಡು ರೆಗ್ಗೆ ಹಾಡಿದಾಗ ಜನರ ಉತ್ಸಾಹ ಜಾಸ್ತಿಯಾಗುವುದನ್ನು ಅವರು ಗಮನಿಸಿದರು. 1984ರಲ್ಲಿ 'ರಸ್ತಾಸ್ ನೆವರ್ ಡೈ' ತಂದರು. ಮಾರಾಟವಾದದ್ದು ಸುಮಾರು 4,000 ಪ್ರತಿ. ಅವರ ಎಂಬಕಾಂಗ ಆಲ್ಬಮ್‌ಗಳು 30,000ದಷ್ಟು ಹೋಗುತ್ತಿದ್ದವು! ಸಾಲದ್ದಕ್ಕೆ ವರ್ಣಭೇದದ ಸರ್ಕಾರ ಅದನ್ನು ನಿಷೇಧಿಸಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಇವರು ಮತ್ತೆ ರೆಗ್ಗೆಯನ್ನೇ ರೆಕಾರ್ಡ್ ಮಾಡಿದರು. 1987ರ 'ಸ್ಲೇವ್' ಅವರನ್ನು ದೊಡ್ಡ ತಾರೆಯಾಗಿಸಿತು. ಆ ಹಾಡಿನ ಗುಲಾಮ ಹಡಗಿನಲ್ಲಿ ಹೋದವನಲ್ಲ, ಕುಡಿತಕ್ಕೆ ಸಿಕ್ಕಿಬಿದ್ದ ಮನುಷ್ಯ. ಹಿಮ್ಮೇಳದ ಹೆಂಗಸರ ದನಿಗೆ ಕಿವಿಗೊಡಿ, ಎಂಬಕಾಂಗ ಅಲ್ಲೇ ಇದೆ. ಇದು ನಕಲೇ?

ಐವರಿ ಕೋಸ್ಟಿನ ಆಲ್ಫಾ ಬ್ಲಾಂಡಿಯನ್ನೇ ನೋಡಿ. ಪೊಲೀಸರ ದಾಳಿಯಲ್ಲಿ ತಿಂದ ಪೆಟ್ಟನ್ನು 'ಬ್ರಿಗೇಡಿಯರ್ ಸಬಾರಿ'ಯಲ್ಲಿ ತಮ್ಮ ಜನರ ದಿಯುಲಾ ಭಾಷೆಯಲ್ಲಿ ಹಾಡಿದರು. 1982ರಲ್ಲಿ ಪೊಲೀಸರ ವಿರುದ್ಧ ಹಾಗೆ ಹಾಡುವುದಕ್ಕೆ ಗಟ್ಟಿ ಗುಂಡಿಗೆ ಬೇಕಿತ್ತು. ನಾಲ್ಕು ವರ್ಷದ ನಂತರ ಅವರ 'ಜೆರುಸಲೇಮ್' ಆಲ್ಬಮ್‌ಗೆ ಮಾರ್ಲಿಯ ವೇಲರ್ಸ್ ತಂಡವೇ ನುಡಿಸಿತು. ಬರೀ ನಕಲು ಮಾಡುವವರ ಹಿಂದೆ ವೇಲರ್ಸ್ ಯಾಕೆ ನಿಲ್ಲುತ್ತಾರೆ, ಹೇಳಿ?

ಚೀಟಿ ಬಂತು, ಐದೇ ನಿಮಿಷ ಅಂತೆ. ನೈಜೀರಿಯಾದ ಬಗ್ಗೆ ಇಟ್ಟುಕೊಂಡದ್ದೆಲ್ಲ ಹೋಯಿತು! 1977ರಲ್ಲೇ 'ಫೈರ್ ಇನ್ ಸೊವೆಟೊ' ಹಾಡಿದ ಸನ್ನಿ ಒಕೊಸುನ್, 1988ರಲ್ಲಿ ಮಳೆಗಾಗಿ ಮೊರೆಯಿಟ್ಟು ಹಾಡಿದ ಮಜೆಕ್ ಫಾಶೆಕ್, ಇಬ್ಬರನ್ನೂ ಮನೆಗೆ ಹೋಗಿ ದಯವಿಟ್ಟು ಕೇಳಿ. ಐವರಿ ಕೋಸ್ಟಿನ ಇನ್ನೊಬ್ಬ ರೆಗ್ಗೆ ಹಾಡುಗಾರ ಟಿಕೆನ್ ಜಾ ಫಕೋಲಿಯಂತೂ ತಮ್ಮ ಹಾಡುಗಳಿಂದಾಗಿ ದೇಶ ಬಿಟ್ಟು ಮಾಲಿಯಲ್ಲಿ ನೆಲೆಸಬೇಕಾಯಿತು. 2007ರಲ್ಲಿ ಸೆನೆಗಲ್ ಅಧ್ಯಕ್ಷರನ್ನು ಟೀಕಿಸಿದ್ದಕ್ಕೆ ಆ ದೇಶವೂ ಅವರಿಗೆ ಬಾಗಿಲು ಹಾಕಿತು.

ಅದೇ ವರ್ಷ ಅಕ್ಟೋಬರ್ 18ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಕಾರು ಕಸಿಯಲು ಬಂದವರು ದುಬೆಯನ್ನು ಗುಂಡಿಟ್ಟು ಕೊಂದರು. 43 ವರ್ಷ, ಅಷ್ಟೇ. ನನಗೆ ಇವತ್ತಿಗೂ ಅದು ಸಂಕಟವೇ.

ಪ್ರಶ್ನೆಗಳಿದ್ದರೆ ಹೊರಗೆ ಚಹಾ ಕುಡಿಯುತ್ತಾ ಮಾತಾಡೋಣ. ಈಗ 'ಸ್ಲೇವ್' ಹಾಕಿ, ಸ್ವಲ್ಪ ಜೋರಾಗೇ ಇರಲಿ.